ಥೀಮ್ ಪಾರ್ಕಿಗೆ ಬುತ್ತಿ ಕಟ್ಟಿಕೊಂಡು

ಬೇರೆಯವರು ಥೀಮ್ ಪಾರ್ಕಿಗೆ ಹೋಗಿ ಬಂದರೆ ಫೋಟೋ ತೋರಿಸುತ್ತಾರೆ. ನಾವು ಹೋಗಿ ಬಂದರೆ ಕಥೆ ಹೇಳಬೇಕಾಗುತ್ತದೆ. ಅದೂ ಜಾರುಬಂಡೆಯ ಕಥೆಯಲ್ಲ, ರಾಟವಾಳದ ಕಥೆಯಲ್ಲ, ಊಟದ ಕಥೆ. ಪ್ರತಿ ವರ್ಷವೂ ಏನಾದರೊಂದು ಆಗಿಯೇ ತೀರುತ್ತಿತ್ತು. ಯಾಕೆ ನಮಗೇ ಆಗುತ್ತಿತ್ತು ಅನ್ನುವುದು ಇವತ್ತಿಗೂ ತಿಳಿದಿಲ್ಲ.

ನಾವು ಧಾರವಾಡದ ಕಡೆಯವರು. ಚೆನ್ನೈಗೆ ಬಂದು ಬಹಳ ವರ್ಷವಾಯಿತು. ಮನೆ ಕೀಲ್ಪಾಕಿನಲ್ಲಿ, ನಮ್ಮ ಮನೆಯವರ ಸೀರೆ ಅಂಗಡಿ ಸೌಕಾರ್‌ಪೇಟೆಯಲ್ಲಿ. ಹಬ್ಬ ಬಂದರೆ ವ್ಯಾಪಾರ ಜೋರು, ಮದುವೆ ಸೀಸನ್ ಬಂದರೆ ಇನ್ನೂ ಜೋರು. ಹಾಗಾಗಿ ಅವರು ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆ ಬರುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಮೇ ತಿಂಗಳ ರಜೆಯಲ್ಲಿ. ಆ ದಿನ ಊರಾಚೆಯ ಥೀಮ್ ಪಾರ್ಕಿಗೇ ಹೋಗಬೇಕು ಎಂದು ಮಗಳು, ಮಗ ಸೇರಿ ಮಾರ್ಚ್ ತಿಂಗಳಲ್ಲೇ ತೀರ್ಮಾನ ಮಾಡಿರುತ್ತಿದ್ದರು. ನಾವು ನಾಲ್ವರು, ಜೊತೆಗೆ ಅತ್ತೆ.

ಟಿಕೆಟ್ಟಿಗೆ ನಮ್ಮ ಮನೆಯವರು ಯಾವತ್ತೂ ತಕರಾರು ಮಾಡಿದವರಲ್ಲ. ಆದರೆ ಒಳಗೆ ಒಂದು ಪ್ಲೇಟ್ ನೂಡಲ್ಸಿನ ರೇಟು ನೋಡಿದರೆ ಅವರ ಮುಖ ಮಾಲು ವಾಪಸ್ ಬಂದ ವ್ಯಾಪಾರಿಯ ಮುಖವಾಗುತ್ತಿತ್ತು. "ಇಷ್ಟ ತುಟ್ಟಿ ಯಾಕ? ಗೋಧಿ ಚಂದ್ರನ ಮ್ಯಾಲ ಬೆಳೀತಾರೇನು?" ಅನ್ನುತ್ತಿದ್ದರು.

ಈಗ ಮಗಳು ಕಾಲೇಜಿನಲ್ಲಿದ್ದಾಳೆ, ಮಗ ಪ್ಲಸ್ ಟೂ. ಹೋದ ತಿಂಗಳು ಇವರೇ ಹೇಳಿದರು, "ಈ ಸಲ ಮುಂಚೇನ ಟೇಬಲ್ ಬುಕ್ ಮಾಡಿ, ಒಳಗ ಛಲೋ ಹೋಟೆಲಿನಾಗ ಉಣ್ಣೂಣು. ಏನ ಬೇಕಾದ್ರೂ ತಿನ್ರಿ." ಮಗ ಫೋನಿನಿಂದ ತಲೆ ಎತ್ತದೆ, "ವೇಂಡಾಂಪ್ಪಾ, ನೀಂಗ ರೆಂಡು ಪೇರುಂ ಪೋಯ್ಟ್ಟು ವಾಂಗ" ಅಂದ. ಬೇಡ, ನೀವಿಬ್ಬರೇ ಹೋಗಿಬನ್ನಿ ಎಂದು. ಇವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಹೋದರು. ಅವತ್ತಿನಿಂದ ನನಗೆ ಹಳೆಯದೆಲ್ಲ ಒಂದೊಂದಾಗಿ ನೆನಪಾಗುತ್ತಿದೆ.

ಸಕ್ಕರೆ

ಮೊದಲನೇ ವರ್ಷ. ಹೊರಗಿನ ಊಟ ಒಳಗೆ ತರುವ ಹಾಗಿಲ್ಲ, ಶುಗರ್ ಪೇಷಂಟುಗಳಿಗೆ ಮಾತ್ರ ವಿನಾಯಿತಿ ಎಂದು ಇವರು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದರು. ನಮ್ಮಲ್ಲಿ ಯಾರಿಗೂ ಶುಗರ್ ಇಲ್ಲ. ಅತ್ತೆಯ ಹತ್ತಿರ ಹೋಗಿ, "ಅವ್ವಾ, ನಿನಗ ಒಂದ ದಿನದ ಮಟ್ಟಿಗೆ ಶುಗರ್ ಐತಿ" ಅಂದರು.

"ನಾ ಸುಳ್ಳ ಹೇಳಂಗಿಲ್ಲಪಾ."

"ನೀ ಏನೂ ಹೇಳಬ್ಯಾಡ. ಸುಮ್ನ ಸೊರಗಿದವರಂಗ ನಿಂದರು. ಮಾತಾಡೂದು ನಾನು."

ಗೇಟಿನಲ್ಲಿ ಚೀಲ ನೋಡುತ್ತಿದ್ದವಳು ಒಬ್ಬ ತಮಿಳು ಹೆಂಗಸು. ಇವರು ಅತ್ತೆಯನ್ನು ತೋರಿಸಿ, ಪಾಪ ವಯಸ್ಸಾದವರು, ಶುಗರ್, ಹೊತ್ತುಹೊತ್ತಿಗೆ ತಿನ್ನಬೇಕು ಎಂದು ತಮಿಳಿನಲ್ಲಿ ಕರುಣಾಜನಕವಾಗಿ ಹೇಳಿದರು. ಅತ್ತೆ ಹೇಳಿದ ಹಾಗೆಯೇ ಸೊರಗಿ ನಿಂತಿದ್ದರು. ಕಡಕ್ ರೊಟ್ಟಿ ನೋಡಿ ಆಕೆ ತಲೆಯಾಡಿಸಿದಳು. ಶೇಂಗಾ ಚಟ್ನಿಪುಡಿ, ಅದಕ್ಕೂ ಆಗಲಿ ಅಂದಳು. ತಳದಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ಘಮ್ಮೆಂದು ತುಪ್ಪದ ವಾಸನೆ. ಅಂಚಿನವರೆಗೂ ಹೋಳಿಗೆ.

ಆಕೆ ಅತ್ತೆಯ ಕಡೆ ತಿರುಗಿ, "ಎನ್ನ ಪಾಟ್ಟಿ, ಶುಗರಾ?" ಅಂದಳು. ಏನಜ್ಜಿ, ನಿಮಗೆ ಶುಗರಾ ಎಂದು.

ಅತ್ತೆಗೆ ತಮಿಳು ಅಷ್ಟಕ್ಕಷ್ಟೇ. ಅರ್ಥವಾದದ್ದು ಶುಗರ್ ಒಂದೇ. ತಮ್ಮ ಅಡುಗೆಯ ಮೇಲೆಯೇ ಅನುಮಾನ ಬಂತಲ್ಲ ಎಂದು ನೆಟ್ಟಗಾಗಿ, "ಛೇ ಛೇ, ಸಕ್ಕರಿ ಒಂದ ಕಾಳೂ ಹಾಕಿಲ್ಲ ಯವ್ವಾ. ಎಲ್ಲಾ ಬೆಲ್ಲ!" ಅಂದರು.

ಇಡೀ ಚೀಲ ಗೇಟಿನ ಪಕ್ಕದ ಕೋಣೆ ಸೇರಿತು. ಒಳಗೆ ಮಕ್ಕಳು ಒಂದು ಲೋಟ ಮೆಕ್ಕೆಜೋಳದ ಕಾಳನ್ನು ಹಂಚಿಕೊಂಡು ತಿಂದರು. ನಾವು ದೊಡ್ಡವರು ನೀರು ಕುಡಿದೆವು. ಸಂಜೆ ಚೀಲ ಬಿಡಿಸಿಕೊಂಡು ಡಬ್ಬಿ ತೆಗೆದರೆ ಹೋಳಿಗೆಯ ಮೇಲೆಲ್ಲ ಇರುವೆ. ಅವಕ್ಕೆ ಟಿಕೆಟ್ಟೂ ಇರಲಿಲ್ಲ, ಶುಗರೂ ಇರಲಿಲ್ಲ.

ಎಡಗೈ

ಮರುವರ್ಷ ಇವರು ಬೇರೆ ಉಪಾಯ ಮಾಡಿದರು. ಬುತ್ತಿ ಕಾರಿನಲ್ಲೇ ಇರಲಿ, ಮಧ್ಯಾಹ್ನ ಹೊರಗೆ ಬಂದು ಉಂಡು ಮತ್ತೆ ಒಳಗೆ ಹೋಗೋಣ ಎಂದು. ಅದಕ್ಕೆ ಗೇಟಿನಲ್ಲಿ ಕೈಮೇಲೆ ಒಂದು ನೀಲಿ ಮುದ್ರೆ ಒತ್ತುತ್ತಿದ್ದರು. ಅದನ್ನು ತೋರಿಸಿದರೆ ಮತ್ತೆ ಬಿಡುತ್ತಾರೆ. ನಾವೆಲ್ಲ ಬಲಗೈ ಚಾಚಿದೆವು. ಅತ್ತೆ ಮಾತ್ರ, "ಉಣ್ಣೂ ಕೈಗೆ ಶಾಯಿ ಹಚ್ಚಿಸ್ಕೊಳ್ಳಂಗಿಲ್ಲ" ಎಂದು ಎಡಗೈ ಕೊಟ್ಟರು. ಇವರು ನಕ್ಕರು.

ಪಾರ್ಕಿಂಗಿನಲ್ಲಿ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತೆವು. ಸಾರನ್ನ, ಬದನೆಕಾಯಿ ಪಲ್ಯ, ಮಜ್ಜಿಗೆ. ಮಕ್ಕಳಿಗೆ ನಾನೇ ತುತ್ತು ಮಾಡಿ ಬಾಯಿಗಿಟ್ಟೆ. ನಿಜ ಹೇಳುತ್ತೇನೆ, ಅಷ್ಟು ರುಚಿಯಾಗಿ ಉಂಡದ್ದು ನನಗೆ ಇನ್ನೊಂದು ನೆನಪಿಲ್ಲ. ಉಂಡೆದ್ದು ನಾವು ಕೈ ತೊಳೆದೆವು. ಪಲ್ಯದ ಎಣ್ಣೆ ಜಿಡ್ಡು ಹೋಗಲಿ ಎಂದು ಸೋಪು ಹಚ್ಚಿ ಸ್ವಚ್ಛವಾಗಿ ತೊಳೆದೆವು.

ಗೇಟಿನವನು ನಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಮುದ್ರೆ ಎಲ್ಲಿ?

"ಕೈ ತೊಳ್ಕೊಂಡಿದ್ದೀವಪಾ! ಉಂಡ ಮ್ಯಾಲ ಕೈ ತೊಳೀಬಾರದೇನು?" ಎಂದು ಇವರು ಸಿಟ್ಟಿನಲ್ಲಿ ಕನ್ನಡದಲ್ಲೇ ಕೂಗಿದರು. ಟಿಕೆಟ್ ಚೀಟಿ ಯಾವಾಗಲೋ ಕಸದ ಬುಟ್ಟಿ ಸೇರಿತ್ತು. ಒಂದೇ ದಿನಕ್ಕೆ ಎರಡು ಸಲ ಟಿಕೆಟ್ ಕೊಳ್ಳಲು ಇವರು ಒಪ್ಪಲಿಲ್ಲ. ತುತ್ತು ತಿಂದ ಮಕ್ಕಳ ಕೈ ಮೇಲೆ ಮುದ್ರೆ ಅಚ್ಚುಕಟ್ಟಾಗಿತ್ತು. ಅತ್ತೆಯ ಎಡಗೈ ಮೇಲೆ ಇನ್ನೂ ಅಚ್ಚುಕಟ್ಟಾಗಿತ್ತು. ಅವರು ಮೂವರು ಒಳಗೆ, ನಾವಿಬ್ಬರು ಹೊರಗೆ.

ಆ ಜನಸಂದಣಿಯಲ್ಲಿ ಮಕ್ಕಳು ಎಲ್ಲಿ ಕಳೆದುಹೋಗುತ್ತಾರೋ ಎಂದು ಅತ್ತೆಗೆ ಭಯ. ಇಬ್ಬರ ಕೈಯನ್ನೂ ಗಟ್ಟಿಯಾಗಿ ಹಿಡಿದು ಗೇಟಿನ ಒಳಗಿನ ಬೆಂಚಿನ ಮೇಲೆ ಕೂತುಬಿಟ್ಟರು. ಸಂಜೆಯವರೆಗೂ ನಾವು ಸರಳಿನ ಈಚೆ, ಅವರು ಸರಳಿನ ಆಚೆ. ಮಗ ಅಳುತ್ತಿದ್ದ. ದೂರದಲ್ಲಿ ರಾಟವಾಳ ತಿರುಗುತ್ತಿತ್ತು. ಅತ್ತೆ ಮಾತ್ರ ಮಧ್ಯೆ ಮಧ್ಯೆ ತಮ್ಮ ಮುದ್ರೆಯನ್ನು ನೋಡಿಕೊಂಡು, ಹೊರಗಿದ್ದ ಇವರಿಗೆ ಕೇಳುವ ಹಾಗೆ ಹೇಳುತ್ತಿದ್ದರು, "ಅಂತೂ ಎಡಗೈಗೂ ಒಂದ ಮರ್ಯಾದಿ ಬಂತು ನೋಡು."

ವಸೂಲಿ

ಆಮೇಲಿನ ವರ್ಷ ಪಾರ್ಕಿನವರೇ ಒಂದು ಸ್ಕೀಮ್ ತಂದರು. ಟಿಕೆಟ್ಟಿನ ಜೊತೆ ಬಫೆ ಊಟ, ಎಷ್ಟು ಬೇಕಾದರೂ ತಿನ್ನಬಹುದು. ಪೇಪರಿನಲ್ಲಿ ಅದರ ಜಾಹೀರಾತು ಓದಿದ ನಮ್ಮ ಮನೆಯವರ ಕಣ್ಣು ತುಂಬಿ ಬಂದದ್ದನ್ನು ನಾನೇ ನೋಡಿದ್ದೇನೆ.

"ಮುಂಜಾನೆ ಯಾರೂ ಏನೂ ತಿನ್ನಬ್ಯಾಡ್ರಿ" ಎಂದು ಮನೆಯಲ್ಲೇ ಅಪ್ಪಣೆಯಾಯಿತು. ಬಫೆ ಬಾಗಿಲು ತೆರೆದಾಗ ಮೊದಲು ಒಳಗೆ ನುಗ್ಗಿದವರು ನಾವೇ. ಇವರು ತಟ್ಟೆ ಹಿಡಿದು ಸೇನಾಪತಿಯ ಹಾಗೆ ಎಲ್ಲರಿಗೂ ಸೂಚನೆ ಕೊಡುತ್ತಿದ್ದರು. "ಅನ್ನ ಬ್ಯಾಡ, ಮನ್ಯಾಗ ಉಣ್ತೀವಿ. ಪನೀರ್ ಹಾಕ್ಕೋ. ಲೇ, ನೀರ ಕುಡೀಬ್ಯಾಡ, ಹೊಟ್ಟಿ ತುಂಬತೈತಿ!" ಮಗಳು ಸಾಕು ಅಂದರೆ, "ಇನ್ನೂ ವಸೂಲಾಗಿಲ್ಲ" ಅನ್ನುತ್ತಿದ್ದರು. ಗುಲಾಬ್ ಜಾಮೂನಿನ ಹತ್ತಿರ ಬಡಿಸುವವನೇ ಸುಸ್ತಾಗಿ ಸೌಟು ನಮ್ಮ ಕೈಗೆ ಕೊಟ್ಟ.

ವಸೂಲಾಯಿತು. ಹೊರಗೆ ಬಂದು ಮೊದಲ ಆಟದ ಹತ್ತಿರ ಹೋದರೆ, ಗಿರ್ರೆಂದು ಸುತ್ತುವ ದೊಡ್ಡ ಬಟ್ಟಲು ಅದು. ಅದನ್ನು ನೋಡಿಯೇ ಮಗ ಬಾಯಿಗೆ ಕೈ ಅಡ್ಡ ಹಿಡಿದ. ಸ್ವಲ್ಪ ಅರಗಲಿ ಎಂದು ಹುಲ್ಲಿನ ಮೇಲೆ ಕೂತೆವು. ಮೊದಲು ಅತ್ತೆ ಒರಗಿದರು, ಆಮೇಲೆ ಇವರು, ಕೊನೆಗೆ ಮಕ್ಕಳೂ. ನಾನು ಎಲ್ಲರ ಚಪ್ಪಲಿ ಕಾಯುತ್ತಾ ಕೂತವಳು, ನನಗೂ ಯಾವಾಗ ಕಣ್ಣು ಹತ್ತಿತೋ. ಕಾವಲುಗಾರ ಸೀಟಿ ಊದಿ ಎಬ್ಬಿಸಿದಾಗ ಪಾರ್ಕು ಮುಚ್ಚುವ ಹೊತ್ತು.

ರಜೆ ಮುಗಿದ ಮೇಲೆ ಮಗಳಿಗೆ ಶಾಲೆಯಲ್ಲಿ ರಜೆಯ ಬಗ್ಗೆ ಬರೆಯಲು ಹೇಳಿದ್ದರು. ಬರೆದದ್ದನ್ನು ಮನೆಗೆ ತಂದು ತೋರಿಸಿದಳು. ಥೀಮ್ ಪಾರ್ಕ್ ಎಂದರೆ ಹುಲ್ಲು ಮೆತ್ತಗಿರುವ ಒಂದು ಜಾಗ, ಅಲ್ಲಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಬಹುದು ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಟೀಚರ್ ಕೆಂಪು ಶಾಯಿಯಲ್ಲಿ 'ಗುಡ್' ಎಂದು ಹಾಕಿದ್ದರು.

ವೇಟಿಂಗ್ ಲಿಸ್ಟ್

ಮಗಳ ಆ ಬರಹ ಇವರಿಗೆ ನಾಟಿತ್ತು. ಮುಂದಿನ ವರ್ಷ ಹೊರಡುವಾಗಲೇ, "ಇವತ್ತ ಬುತ್ತಿ ಇಲ್ಲ, ಸ್ಕೀಮ್ ಇಲ್ಲ. ಎಸಿ ಹೋಟೆಲಿನಾಗ ಕುಂತು ಉಣ್ಣೂದು" ಎಂದು ಘೋಷಿಸಿದರು. ಮಕ್ಕಳು ನಂಬಲಿಲ್ಲ. ನಾನೂ ನಂಬಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಕರಿ ಕೋಟು ಹಾಕಿದ ಹುಡುಗಿಯೊಬ್ಬಳು ನಿಂತಿದ್ದಳು. "ರಿಸರ್ವೇಶನ್ ಇದೆಯಾ ಸರ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಇವರು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಮುಂದೆ ಬಂದರು. ಅವರಿಗೆ ಗೊತ್ತಿದ್ದ ರಿಸರ್ವೇಶನ್ ರೈಲಿನದು ಒಂದೇ. "ಬರ್ತ್ ಏನ ಬ್ಯಾಡ ತಂಗೀ, ನಾವು ಕುಂತ ಉಣ್ತೀವಿ" ಅಂದರು.

ಆ ಹುಡುಗಿಗೆ ಅರ್ಥವಾಗಲಿಲ್ಲ. ಟೇಬಲ್ಲೆಲ್ಲ ಫೋನಿನಲ್ಲೇ ಬುಕ್ ಆಗಿವೆ, ವೇಟಿಂಗ್ ಲಿಸ್ಟಿನಲ್ಲಿ ಹಾಕುತ್ತೇನೆ ಅಂದಳು. ವೇಟಿಂಗ್ ಲಿಸ್ಟ್ ಅನ್ನುವುದು ಕೇಳಿದ್ದೇ ಅತ್ತೆ ನಿಟ್ಟುಸಿರು ಬಿಟ್ಟರು. "ಹಂಗಾದ್ರ ಆತು ಬಿಡು. ಹುಬ್ಬಳ್ಳಿ ತನಕ ಬಾಗಲದಾಗ ಕೂಡೂದ" ಎಂದು ಚೀಲದಿಂದ ಹಳೆಯ ಪೇಪರ್ ತೆಗೆದು ಬಾಗಿಲ ಪಕ್ಕದಲ್ಲೇ ಹಾಸಿ ಕೂತುಬಿಟ್ಟರು.

ಜೇಬಿಗೆ ಕೈ ಹಾಕಲು ಇವರು ತಯಾರಾಗಿ ಬಂದದ್ದು ಅದೊಂದೇ ಸಲ. ಅವತ್ತು ನಮಗೆ ಟೇಬಲ್ ಸಿಗಲೇ ಇಲ್ಲ. ಆದರೆ ಅತ್ತೆ ಮಾತ್ರ ಕದಲಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ಕುಟುಂಬ ಬಂದು ಅವರ ಹಿಂದೆ ಕೂತಿತು. ಇನ್ನೊಂದು ಬಂತು. ಕರಿ ಕೋಟಿನ ಹುಡುಗಿ ಮತ್ತೆ ಹೊರಗೆ ಬಂದಾಗ, ಕ್ಯೂ ಅತ್ತೆಯಿಂದ ಶುರುವಾಗಿ ಐಸ್‌ಕ್ರೀಮ್ ಗಾಡಿಯವರೆಗೂ ಹೋಗಿತ್ತು. ಕೊನೆಯಲ್ಲಿದ್ದವನೊಬ್ಬ ತಮಿಳಿನಲ್ಲಿ ನನ್ನನ್ನೇ ಕೇಳಿದ, "ಇಲ್ಲಿ ಏನು ಕೊಡ್ತಾರೆ ಮೇಡಂ?"

ಕಲ್ಲಂಗಡಿ

ಅತ್ತೆ ನಮ್ಮ ಜೊತೆ ಬಂದದ್ದು ಅದರ ಮುಂದಿನ ವರ್ಷವೇ ಕೊನೆ. ಮತ್ತೊಂದು ಬೇಸಿಗೆಗೆ ಅವರು ಇರಲಿಲ್ಲ. ಆ ಸಲ ಬೇಯಿಸಿದ್ದು ಒಯ್ದರೆ ತಾನೇ ತಂಟೆ ಎಂದು, ಇವರು ಬೆಳಿಗ್ಗೆಯೇ ಕೋಯಂಬೇಡು ಸಗಟು ಮಾರುಕಟ್ಟೆಗೆ ಹೋಗಿ ಸೋವಿಯಲ್ಲಿ ಒಂದು ಭಾರಿ ಕಲ್ಲಂಗಡಿ ತಂದರು. ಹಣ್ಣು ಅಡುಗೆ ಅಲ್ಲವಲ್ಲ ಎಂದು ಗೇಟಿನಲ್ಲಿ ವಾದ ಮಾಡಿ ಗೆದ್ದೂ ಬಿಟ್ಟರು. ಚಾಕು ಮಾತ್ರ ಕಿತ್ತುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಹಣ್ಣು ಬಿಸಿಲಿಗೆ ಕಾದಿತ್ತು. "ನೀರಾಗ ಇಟ್ರ ತಣ್ಣಗಾಗತೈತಿ, ಆಮ್ಯಾಲ ಈ ಕಟ್ಟಿ ಮ್ಯಾಲ ಬಡದು ಒಡಿಯೂಣು" ಎಂದು ಇವರು ಅದನ್ನು ಅಲೆಗಳ ಕೊಳದ ಅಂಚಿನಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಇಟ್ಟರು. ಆಗ ಅಲೆ ಎಬ್ಬಿಸುವ ಯಂತ್ರ ಬಂದ್ ಆಗಿತ್ತು. ಮಕ್ಕಳು ಆಗಷ್ಟೇ ನೀರಿಗಿಳಿಯುವ ನೈಲಾನ್ ಅಂಗಿ ಹಾಕಿಕೊಂಡು ಬಂದು ಕಾಲು ಇಳಿಬಿಟ್ಟಿದ್ದರು. ಸೀರೆ ಉಟ್ಟವರನ್ನು ಕೊಳಕ್ಕೆ ಬಿಡುತ್ತಿರಲಿಲ್ಲ. ಅತ್ತೆ ಹಣ್ಣಿನ ಕಾವಲಿಗೆ ಪಕ್ಕದಲ್ಲಿ ಕೂತರು.

ಸೈರನ್ ಊದಿತು. ಅಲೆ ಬಂತು. ಕಲ್ಲಂಗಡಿ ಮೆಲ್ಲಗೆ ಎದ್ದು ಹೊರಟಿತು.

"ಹೋತಲ್ಲೋ! ಹಿಡೀರೋ!" ಎಂದು ಅತ್ತೆ ಇಳಕಲ್ ಸೀರೆಯಲ್ಲೇ ನೀರಿಗಿಳಿದರು. ಹಣ್ಣು ಮುಂದೆ, ಅತ್ತೆ ಹಿಂದೆ, ಅತ್ತೆಯ ಹಿಂದೆ ಇವರು, ಇವರ ಹಿಂದೆ ಮಕ್ಕಳು ನಗುತ್ತಾ, ಎಲ್ಲರ ಹಿಂದೆ ಸೀರೆ ಎತ್ತಿ ಹಿಡಿದ ನಾನು. ಇಷ್ಟು ವರ್ಷಗಳಲ್ಲಿ ನಾವೆಲ್ಲ ಒಟ್ಟಿಗೆ ಆಡಿದ ಆಟ ಅಂದರೆ ಅದೊಂದೇ. ದೊಡ್ಡ ಅಲೆಯೊಂದು ಹಣ್ಣನ್ನು ಎತ್ತಿ ಕಟ್ಟೆಗೆ ಅಪ್ಪಳಿಸಿತು. ಅದೇ ಅಲೆ ಅತ್ತೆಯನ್ನೂ ಧೊಪ್ಪೆಂದು ಕೂರಿಸಿತು. ಅವರ ಸುತ್ತ ನೀರೆಲ್ಲ ಕೆಂಪು.

"ರತ್ತಂ! ರತ್ತಂ!" ಎಂದು ಯಾರೋ ಚೀರಿದರು. ರಕ್ತ ಎಂದದ್ದೇ ತಡ, ಸೀಟಿಯ ಮೇಲೆ ಸೀಟಿ, ಎಲ್ಲರನ್ನೂ ನೀರಿನಿಂದ ಹೊರಗೆ ಕಳಿಸಿದರು, ಅಲೆ ನಿಂತಿತು. ಮಕ್ಕಳಿಗೆ ಸಿಕ್ಕದ್ದು ಅಷ್ಟೇ ಅಲೆ. ಅತ್ತೆ ಏನೋ ಹೇಳುತ್ತಿದ್ದರು, ಅವರ ಕನ್ನಡ ಪಾರ್ಕಿನವರಿಗೆ ಯಾರಿಗೂ ತಿಳಿಯಲಿಲ್ಲ. ಇಬ್ಬರು ಯುವಕರು ಸ್ಟ್ರೆಚರ್ ತಂದು ಮಲಗಿಸಿಕೊಂಡು ಓಡಿದರು. ನಾವು ಅವರ ಹಿಂದೆ ಓಡಿದೆವು.

ಚಿಕಿತ್ಸೆಯ ಕೋಣೆ ತಣ್ಣಗೆ, ಎಸಿ. ನರ್ಸ್ ತಲೆಯಿಂದ ಕಾಲಿನವರೆಗೆ ಹುಡುಕಿದಳು, ಗಾಯ ಇಲ್ಲ. ಕೂದಲಿನಲ್ಲಿ ಎರಡು ಕಪ್ಪು ಬೀಜ ಮಾತ್ರ ಸಿಕ್ಕವು. ಮ್ಯಾನೇಜರ್ ಓಡಿ ಬಂದ. ವಯಸ್ಸಾದವರು, ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಎಂದು ಅವನ ಭಯ. ಟವೆಲ್ ತರಿಸಿದ, ಎಸಿ ಹೋಟೆಲಿನಿಂದ ಬಿಸಿ ಇಡ್ಲಿ, ಪೊಂಗಲ್, ಕಾಫಿ ತರಿಸಿದ. ಜೊತೆಯವರಿಗೂ ಕೊಡಿ ಅಂದ. ನಾವು ಐದೂ ಜನ ಆ ಮಂಚದ ಸುತ್ತ ಕೂತು ಹೊಟ್ಟೆ ತುಂಬ ಉಂಡೆವು. ಯಾರೂ ಬಿಲ್ ತರಲಿಲ್ಲ.

ಅತ್ತೆ ಕಾಫಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ಇವರ ಮುಖವನ್ನೇ ನೋಡುತ್ತಾ ಬಹಳ ಬೇಸರದಿಂದ ಹೇಳಿದರು:

"ತಪ್ಪಾತಲ್ಲೋ ತಮ್ಮಾ. ಮೊದಲನೇ ವರ್ಷನ ಬೀಳಬೇಕಾಗಿತ್ತು ನಾನು."