ಮಾತೆ ಮರಿಯಮ್ಮನ ಗೃಹಬಂಧನ

ಶಿರಸಿಯಲ್ಲಿ ಸಾಕ್ಷಾತ್ ದೇವಮಾತೆಯನ್ನೇ ಗೃಹಬಂಧನದಲ್ಲಿಟ್ಟ ಹೆಂಗಸು ಯಾರು ಅಂತ ಕೇಳಿ ನೋಡಿ, ಎದೆಯುಬ್ಬಿಸಿ ಹೇಳುತ್ತೇನೆ: ನನ್ನ ಮಾವ್ಶಿ, ಅಂದರೆ ನಮ್ಮಮ್ಮನ ತಂಗಿ! ಪೊಲೀಸರವರೆಗೆ ಹೋಗಲಿಲ್ಲ ಬಿಡಿ. ಕೈದಿಗೆ ಹೊತ್ತುಹೊತ್ತಿಗೆ ಹೂವು, ಮೇಣದಬತ್ತಿ, ಜೊತೆಗೆ ಧಾರಾಳವಾಗಿ ಬೈಗುಳ ಎಲ್ಲ ಸಲ್ಲುತ್ತಿತ್ತು.

ಅಕ್ಟೋಬರ್ ಅಂದರೆ ನಮಗೆ ಜಪಮಾಲೆಯ ತಿಂಗಳು. ಇಗರ್ಜಿಯಿಂದ ಮರಿಯಮ್ಮನ ಮೂರ್ತಿ ಹೊರಟು ನಮ್ಮವರ ಮನೆಮನೆಗೆ ಹೋಗುತ್ತದೆ. ಒಂದು ಮನೆಯಲ್ಲಿ ಒಂದು ದಿನ. ಮರುದಿನ ಸಂಜೆ ಎಲ್ಲರೂ ಹಾಡುತ್ತ ಮುಂದಿನ ಮನೆಗೆ ಮುಟ್ಟಿಸಬೇಕು. ಮಾವ್ಶಿಯ ಮನೆಗೂ ಬಂತು. ಬಂದದ್ದು ಬಂತು, ಹೋಗಲೇ ಇಲ್ಲ!

ಕಾರಣ ಅವಳ ಗಂಡ, ನಮ್ಮ ಅಂಕಲ್. ಯಲ್ಲಾಪುರದ ಬಸ್ಸಿಗೆ ಕಂಡಕ್ಟರ್ ಆಗಿದ್ದವರು. ಶಿರಸಿ ಸ್ಟ್ಯಾಂಡಿನಲ್ಲಿ ಅವರು ಕೂಗಿದರೆ ಅಲ್ಲಿ ಮತ್ತಿಘಟ್ಟದಲ್ಲಿ ಜನ ಚೀಲ ಎತ್ತಿಕೊಂಡು ಏಳುತ್ತಿದ್ದರಂತೆ. ಈ ಮಳೆಗಾಲದಲ್ಲಿ ಲಕ್ವಾ ಹೊಡೆದು ಬಲಗೈ ಜೊತೆ ಮಾತೂ ಹೋಯಿತು. ಮದುವೆಯಾದಾಗಿನಿಂದ "ಇದು ಬಸ್ಸಲ್ಲ, ಮನೆ, ಸ್ವಲ್ಪ ಮೆಲ್ಲಗೆ" ಅಂತ ಗದರುತ್ತಿದ್ದ ಮಾವ್ಶಿಗೆ ಈಗ ಅವರ ಬಾಯಿಂದ ಒಂದೇ ಒಂದು ಮಾತು ಬೇಕು. ಬೈದರೂ ಸರಿ! ಅದನ್ನು ಕೊಡಿಸದೆ ಮರಿಯಮ್ಮ ಹೊಸ್ತಿಲು ದಾಟುವಂತಿಲ್ಲ ಅಂತ ಅವಳ ತೀರ್ಮಾನ.

ಮೊದಲು ಬಂದವನು ಗುರ್ಕಾರ, ಮಾವ್ಶಿಯ ಕೇರಿಯ ಕ್ರೈಸ್ತರ ಮುಖ್ಯಸ್ಥ. ಮಾವ್ಶಿಯನ್ನು ಅಲ್ಲಿ ಎಲ್ಲರೂ ಮರ್ಯಾದೆಯಿಂದ 'ಬಾಯಿ' ಅಂತಲೇ ಕರೆಯುವುದು.

"ಬಾಯಿ, ಮೂರ್ತಿ ಹೊರಡಿಸೋಣ್ವಾ?"

"ಮಳೆ ಹನೀತಾ ಇದೆ. ನೆನೆದು ಶೀತ ಆದ್ರೆ?"

"ಫೈಬರ್ ಮೂರ್ತಿ ಬಾಯಿ ಅದು!"

"ಫೈಬರಿಗೆ ಶೀತ ಆಗೋದಿಲ್ಲ ಅಂತ ಯಾವ ಡಾಕ್ಟರ್ ಹೇಳಿದ್ದು ನಿನಗೆ?"

ಮರುದಿನ ಛತ್ರಿ, ಪ್ಲಾಸ್ಟಿಕ್ ಹಾಳೆ ಎಲ್ಲ ಹಿಡಿದುಕೊಂಡು ಬಂದ ಪಾಪದವನು. "ಇವತ್ತು ಶುಕ್ರವಾರ. ಶುಕ್ರವಾರ ಹೆಣ್ಣುಮಕ್ಕಳನ್ನ ಮನೆಯಿಂದ ಕಳಿಸ್ತಾರೇನೋ?" ಅಂದಳು. ನಮ್ಮ ಧರ್ಮದಲ್ಲಿ ಹಾಗೆಲ್ಲ ಇಲ್ಲ ಅಂತ ಅವನು ಹೇಳುವಷ್ಟರಲ್ಲಿ ಬಾಯಿಗೆ ಬಾಳೆಹಣ್ಣಿನ ಹಲ್ವ ಬಿದ್ದಿತ್ತು. ಧರ್ಮಸೂಕ್ಷ್ಮ ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯ ಹೆಗಡೇರ ಹೆಂಡತಿ ಬೇಲಿಯಾಚೆಯಿಂದ, "ಎಂತ ಬಾಯೋರೆ, ನಿಮ್ಮ ದೇವ್ರಮ್ಮ ಇನ್ನೂ ಹೊರಡ್ಲಿಲ್ವ?" ಅಂದರು.

"ನಿಮ್ಮ ನಾದಿನಿ ಬಂದು ತಿಂಗಳಾಯ್ತು, ನಾನೇನಾದ್ರೂ ಕೇಳಿದ್ನಾ?"

ಹೆಗಡೇರ ಹೆಂಡತಿ ತಂತಿಯ ಮೇಲಿದ್ದ ಹಸಿಬಟ್ಟೆಯನ್ನೇ ಬಾಚಿಕೊಂಡು ಒಳಗೆ ಹೋದರು.

ಕೊನೆಗೆ ಫಾದರ್ ಬಂದರು. ಸಂಧಾನಕ್ಕೆ ಅಂತ ನನ್ನನ್ನೂ ಸಿದ್ದಾಪುರದಿಂದ ಕರೆಸಿದ್ದರು. ನನ್ನ ಸಾಮರ್ಥ್ಯದ ಮೇಲೆ ಊರಿಗೆ ಎಂಥ ನಂಬಿಕೆ ನೋಡಿ! ನಾನು ಮೂಲೆಯಲ್ಲಿ ಕೂತು ಚಹಾ ಕುಡಿದೆ. ಫಾದರ್ ಮೃದುವಾಗಿ, "ಮಾತೆ ಎಲ್ಲರಿಗೂ ಸೇರಿದವಳಲ್ವಾ ಬಾಯಿ?" ಅಂದರು.

"ಹೌದು ಫಾದರ್. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮಗನ ಕಿವಿಗೆ ಹಾಕಿ, ನೀರನ್ನೇ ದ್ರಾಕ್ಷಾರಸ ಮಾಡಿಸಿದ್ದು ಇವಳೇ ತಾನೆ? ಕುಡಿಯೋರಿಗೋಸ್ಕರ ಅಷ್ಟು ಮಾಡಿದವಳು. ನಮ್ಮ ಮನೇಲಿ ಮಾತು ಮುಗಿದಿದೆ. ಮಗನಿಗೆ ಒಂದು ಮಾತು ಹೇಳ್ಲಿ, ಆಮೇಲೆ ನಾನೇ ಹೊತ್ತುಕೊಂಡು ಹೋಗಿ ಬಿಡ್ತೇನೆ."

ವರ್ಷಗಟ್ಟಲೆ ದೇವಶಾಸ್ತ್ರ ಓದಿದ ಫಾದರ್ ಇನ್ನೊಂದು ತುಂಡು ಹಲ್ವ ತೆಗೆದುಕೊಂಡರು.

ಅವರು ಹೋದ ಮೇಲೆ, ಮೂರ್ತಿ ಇಲ್ಲಿಂದ ಮುಂದಕ್ಕೆ ಹೋಗಬೇಕಾಗಿದ್ದ ಮನೆಯ ಹುಡುಗಿ ಬಂದಳು. ಹೊಸದಾಗಿ ಸಂಸಾರ ಹೂಡಿದವಳು. ಹೋದ ತಿಂಗಳು ಹೆರಿಗೆಯಲ್ಲಿ ಅವಳ ಮಗು ಹೋಗಿತ್ತು. ಮಾವ್ಶಿ ಜಗಳಕ್ಕೆ ಸೆರಗು ಸಿಕ್ಕಿಸಿದಳು.

"ಮೂರ್ತಿ ಇಲ್ಲೇ ಇರ್ಲಿ ಆಂಟಿ," ಅಂದಳು ಹುಡುಗಿ. "ನಾನು ಸ್ವಲ್ಪ ಹೊತ್ತು ಅವಳ ಹತ್ರ ಕೂರ್ಲಾ?"

ಕೂತಳು. ಪ್ರಾರ್ಥನೆಯಿಲ್ಲ, ಅಳುವೂ ಇಲ್ಲ. ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ಮಾವ್ಶಿ ಆ ಕೈಗಳನ್ನೇ ನೋಡಿದಳು. ಆಮೇಲೆ ಎದ್ದು, ಯಾರನ್ನೂ ಕೇಳದೆ, ಮೂರ್ತಿಯನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡು ನಡೆದೇಬಿಟ್ಟಳು. ಹಾಡಿಲ್ಲ, ಮೆರವಣಿಗೆಯಿಲ್ಲ, ಹಿಂದೆ ಹುಡುಗಿ, ಅವಳ ಹಿಂದೆ ನಾನು. ಆ ಮನೆಯ ಮೇಜಿನ ಮೇಲೆ ಮೂರ್ತಿ ಇಟ್ಟು ಗದರಿದಳು: "ನಮ್ಮ ಮನೇಲಿ ಕೂತ ಹಾಗೆ ಇಲ್ಲೂ ಸುಮ್ಮನೆ ಕೂತೀಯ, ಜೋಕೆ! ಸತ್ತ ಮಗನನ್ನ ಮಡಿಲಲ್ಲಿ ಮಲಗಿಸಿಕೊಂಡವಳು ನೀನು. ಹೇಗೆ ತಡ್ಕೊಂಡೆ ಅಂತ ಈ ಹುಡುಗಿಗೆ ಹೇಳು."

ಮನೆಗೆ ಬಂದು, ಬರಿದಾದ ಮೇಜಿನ ಮುಂದೆ ಅಂಕಲ್ ಸಮೇತ ಮೂವರೂ ಜಪಮಾಲೆಗೆ ಕೂತೆವು. ನಮ್ಮಲ್ಲಿ ಒಂದೊಂದು ಮಣಿಗೂ "ನಮಾನ್ ಮರಿಯೆ" ಅನ್ನುವ ಪ್ರಾರ್ಥನೆಯನ್ನು ಒಬ್ಬರು ಅರ್ಧ ಹೇಳಿದರೆ, ಉಳಿದರ್ಧ ಇನ್ನೊಬ್ಬರು ಹೇಳಿ ಮುಗಿಸಬೇಕು. ಮಾವ್ಶಿ ತನ್ನರ್ಧ ಹೇಳಿ ನಿಲ್ಲಿಸಿದಳು. ಉಳಿದದ್ದು ನನ್ನ ಪಾಲು ಅಂತ ನಾನು ಬಾಯಿ ತೆರೆದೆ.

"ನೀನು ಸುಮ್ಮನಿರು," ಅಂದಳು. "ಅದು ಅವರದ್ದು."

ಅಂಕಲ್ ಕಣ್ಣು ಮುಚ್ಚಿದ್ದರು. ತುಟಿ ಅಲುಗಾಡುತ್ತಿತ್ತು, ಸದ್ದಿಲ್ಲ. ಆ ತುಟಿ ನಿಲ್ಲುವ ತನಕ ಕಾದು, ಮಾವ್ಶಿ ಮುಂದಿನ ಮಣಿ ಹಿಡಿದಳು.