ಲಿಫ್ಟಿಗೊಂದು ಹಾರ

ನಾಗೇಶ ಫೋನಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಅಂಗೈ ಅಗಲದ್ದು: "ನಮ್ದು ಪಕ್ಕಾ ಹಳ್ಳಿ ಮನೆ ಮೇಡಂ."

ಆ ಹಳ್ಳಿ ಮನೆಗೆ ಮೂರು ಅಂತಸ್ತು, ಕೆಳಗೆ ಪಾರ್ಕಿಂಗು, ಮೊದಲನೇದರಲ್ಲಿ ಇವರು, ಅದರ ಮೇಲೆಲ್ಲ ಬಾಡಿಗೆ ಪೋರ್ಷನ್ನು, ಮಧ್ಯೆ ಒಂದು ಲಿಫ್ಟು. ಎದುರಿಗೆ ಜಿಮ್ಮು, ಪಕ್ಕಕ್ಕೆ ಮೊಮೊ ಅಂಗಡಿ. ಯಲಹಂಕದ ಪಕ್ಕದ ಈ ಕೋಗಿಲಿನಲ್ಲಿ ಹಳ್ಳಿ ಅನ್ನೋದು ಇನ್ನೂ ಎಲ್ಲಾದರೂ ಉಳಿದಿದ್ದರೆ ಅದು ನಾಗೇಶನ ಅಜ್ಜಿ ಸುಬ್ಬಮ್ಮನ ಬಾಯಲ್ಲಿ ಮಾತ್ರ. ಅವರ ರಾಗಿ ಹೊಲ ಲೇಔಟ್ ಆಗಿ ಎಷ್ಟೋ ಕಾಲವಾಯಿತು. ರಾಗಿ ಈಗ ಅದೇ ಲೇಔಟಿನ ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತೆ.

ಫೋನು ಮಾಡಿದ್ದು ಮಂಜುಶ್ರೀ. ಹೆಂಗಸರ ಆರೋಗ್ಯಕ್ಕೆ ಅಂತ ಓಡಾಡೋ ಒಂದು ಟ್ರಸ್ಟಿನವಳು. ಟ್ಯಾಂಕರ್ ಇಟ್ಟುಕೊಂಡಿದ್ದ ನಾಗೇಶನೇ ಅವಳ ಆಫೀಸಿಗೆ ನೀರು ಹಾಕೋನು, ಹಾಗಾಗಿ ಪರಿಚಯ. ಆರ್.ಟಿ. ನಗರದ ಕಡೆಯ ಅಪಾರ್ಟ್‌ಮೆಂಟೊಂದರ ಹೆಂಗಸರು ಈ ಟ್ರಸ್ಟಿಗಾಗಿ ಟ್ರಿಪ್ಪು ಮಾಡುತ್ತಿದ್ದರು. ಒಂದು ಸಲ ಕೋಟೆ, ಇನ್ನೊಂದು ಸಲ ಗುಡಿ, ಮತ್ತೊಂದು ಸಲ ನೇಕಾರರ ಬೀದಿ. ಟಿಕೆಟ್ಟಿನಲ್ಲಿ ಒಂದು ಪಾಲು ದಾನಕ್ಕೆ. ಹಂಗೆ ತಿರುಗೀ ತಿರುಗೀ ಒಂದು ವ್ಯಾನು ಕೊಂಡಿದ್ದರು. ಒಳಗೆ ಡಾಕ್ಟ್ರಮ್ಮ, ಮಂಚ, ಪರೀಕ್ಷೆಯ ಮೆಷೀನುಗಳು, ಏಸಿ. ವಾರಕ್ಕೊಂದು ದಿನ ಅದು ಯಾವ ಊರಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡೋದು ದುಡ್ಡೆತ್ತಿದ ಅದೇ ಹೆಂಗಸರು.

"ಭಾನುವಾರ ಬೆಳಿಗ್ಗೆ ಹಳೇ ಗುಡಿ, ಮಧ್ಯಾಹ್ನ ಹಳ್ಳಿ ಮನೇಲಿ ಊಟ, ಊಟ ಆದ್ಮೇಲೆ ತೀರ್ಮಾನ," ಅಂದಿದ್ದಳು ಮಂಜುಶ್ರೀ. "ಜಾಲಹಳ್ಳಿಯೋರೂ ಕರೀತಿದ್ದಾರೆ ಕಣ್ರೀ. ನಿಮ್ಮೂರಲ್ಲಿ ಹಳ್ಳಿ ಮನೆ ಇದ್ರೆ ಹೇಳಿ."

ಆಗಲೇ ನಾಗೇಶ ಆ ಸುಳ್ಳು ಹೇಳಿದ್ದು. ಹೇಳದೆ ಏನು ಮಾಡಿಯಾನು? ಹೆಂಡತಿ ಶಿಲ್ಪಳಿಗೆ ಏಳು ತಿಂಗಳು. ಒಂದೊಂದು ಚೆಕಪ್ಪಿಗೂ ಹೆಬ್ಬಾಳದ ಫ್ಲೈಓವರ್ ದಾಟಬೇಕು. ಹೋದ ಸಲ ಅದರ ನೆತ್ತಿಯ ಮೇಲೆ ಸಿಕ್ಕಿಹಾಕಿಕೊಂಡಾಗ ಅವಳು ಕಡಲೇಕಾಯಿ ತಿಂದು ಮುಗಿಸಿ, ನಿದ್ದೆ ಮಾಡಿ, ಎದ್ದು, ವಾಂತಿ ಮಾಡಿಕೊಂಡು ನೋಡಿದರೆ ಕಾರು ಅಲ್ಲೇ ಇತ್ತು. "ಹೆರಿಗೆನೂ ಇಲ್ಲೇ ಆಗೋದು ಕಣ್ರೀ," ಅಂದಿದ್ದಳು. "ಮಗೂಗೆ ಹೆಬ್ಬಾಳಪ್ಪ ಅಂತ ಹೆಸ್ರಿಟ್ಬಿಡಿ." ಅವಳು ನಕ್ಕೊಂಡೇ ಹೇಳಿದ್ದಳು. ನಾಗೇಶನಿಗೆ ಮಾತ್ರ ನಗು ಬಂದಿರಲಿಲ್ಲ. ಆ ವ್ಯಾನು ಮನೆ ಬಾಗಿಲಿಗೇ ಬರಬೇಕು. ಬಂದೇ ಬರಬೇಕು.

ಭಾನುವಾರ ಬೆಳಗಾದಾಗ ಅವನಿಗೆ ಸುಳ್ಳಿನ ತೂಕ ಗೊತ್ತಾಯಿತು. ಪಕ್ಕದ ಮನೆ ದ್ರೌಪದಮ್ಮ ಕರೆಯದೇ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಬೀದಿಯಲ್ಲಿ ಯಾರ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ತಪ್ಪದೆ ಹೇಳುವ ಹೆಂಗಸು ಅವಳು. "ಯೋಚ್ನೆ ಮಾಡ್ಬ್ಯಾಡ. ನಿಮ್ ಪಾರ್ಕಿಂಗೇ ಅಳ್ಳಿ ಮಾಡ್ತೀನಿ," ಅಂದಳು.

ಶಾಮಿಯಾನದವನು ತೆಂಗಿನ ಗರಿಯ ಚಪ್ಪರ ಹಾಕಿ ಮೇಲಿನ ಅಂತಸ್ತುಗಳನ್ನು ಮುಚ್ಚಿದ. ದ್ರೌಪದಮ್ಮನ ಮನೆ ಮೇಲೆ ವಾಟರ್ ಟ್ಯಾಂಕಿನ ಮುಚ್ಚಳಕ್ಕೆ ಭಾರ ಹೇರಿಕೊಂಡು ಕೂತಿದ್ದ ಬೀಸೋ ಕಲ್ಲು ಕೆಳಗಿಳಿಯಿತು. ಹಿಂದಿನ ಬೀದಿಯ ವೆಂಕಟಸ್ವಾಮಿಯ ಹಸು ಬಂತು. ಅದು ತರಕಾರಿ ಮಾರ್ಕೆಟ್ಟಿನಲ್ಲಿ ಬೆಳೆದ ಹಸು. ಮುಂದೆ ಹರವಿದ ಹುಲ್ಲನ್ನು, ಮದುವೆ ಮನೆಯಲ್ಲಿ ಬರೀ ಉಪ್ಪಿನಕಾಯಿ ಬಡಿಸಿದರೆ ಬೀಗರು ನೋಡುವ ಹಾಗೆ ನೋಡಿತು. ಮುದ್ದೆ ಯಲಹಂಕದ ಮೆಸ್ಸಿನಿಂದ ಪಾರ್ಸೆಲ್ ಬಂದು ಬಿದಿರು ಬುಟ್ಟಿ ಸೇರಿತು.

ಉಳಿದಿದ್ದು ಲಿಫ್ಟು. ಅದರ ಸ್ಟೀಲ್ ಬಾಗಿಲು ಚಪ್ಪರದ ಕೆಳಗೆ ಫಳಫಳ ಅನ್ನುತ್ತಿತ್ತು. ದ್ರೌಪದಮ್ಮ ಅದರ ಮೇಲೆ ಈಚಲು ಚಾಪೆ ಇಳಿಬಿಟ್ಟಳು. ಚಾಪೆ ಬೋಳು ಬೋಳು ಅನ್ನಿಸಿ ಚೆಂಡುಹೂವಿನ ಹಾರ ಹಾಕಿದಳು. ಹಾರ ಹಾಕಿದ ಮೇಲೆ ಸುಮ್ಮನಿರಲಾರದೆ ಕುಂಕುಮ ಇಟ್ಟಳು. ಕುಂಕುಮ ಇಟ್ಟ ಮೇಲೆ ಕೈ ತಾನಾಗೇ ಊದುಬತ್ತಿ ಹಚ್ಚಿತು.

"ಅಕ್ಕಾ, ಅದು ಲಿಫ್ಟು!" ನಾಗೇಶ ಹಲ್ಲು ಕಡಿದ. ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಮೇಲೆ ಸಿಟ್ಟಾಗಿ ಸ್ಕೂಲು ಬಿಟ್ಟವನು ಅವನು. ಸ್ಕೂಲು ಬಿಟ್ಟಿತ್ತು, ಸಿಟ್ಟು ಬಿಟ್ಟಿರಲಿಲ್ಲ.

"ಇರ್ಲಿ ಬಿಡೋ, ಸುಮಂಗಲಿ ತರ ಕಾಣುತ್ತೆ," ಅಂದಳು ದ್ರೌಪದಮ್ಮ.

ನೈಟಿ ಮೇಲೆ ಟವೆಲ್ ಹೊದ್ದು ಟೀವಿ ನೋಡುತ್ತಿದ್ದ ಸುಬ್ಬಮ್ಮಜ್ಜಿಗೆ ಸೀರೆ ಉಡಿಸಿ ಕೆಳಗೆ ತಂದರು. "ಅಜ್ಜಿ, ಸೀರಿಯಲ್‌ನಲ್ಲಿ ಬರೋ ಅಜ್ಜಿ ತರ ಇರ್ಬೇಕು, ಅಷ್ಟೇ," ಅಂದ ನಾಗೇಶ.

"ಯಾವ್ದು? ಒಳ್ಳೇ ಅಜ್ಜಿನೋ, ಪಾಯಸಕ್ಕೆ ಇಸ ಆಕೋ ಅಜ್ಜಿನೋ?"

"ಒಳ್ಳೇದು! ಚೇರ್ ಮೇಲೆ ಕೂತು ಸುಮ್ನೆ ಕಲ್ಲಿನ ಗೂಟ ಹಿಡ್ಕೋ. ಬಾಯಿ ಬಿಡ್ಬೇಡ. ನೆಲಕ್ಕಂತೂ ಕೂರ್ಲೇಬೇಡ." ಮಂಡಿ ಆಪರೇಷನ್ ಆಗಿ ಸ್ಟೀಲ್ ಹಾಕಿಸಿಕೊಂಡಾಗಿನಿಂದ ಅಜ್ಜಿ ನೆಲಕ್ಕೆ ಕೂತಿದ್ದೇ ಇಲ್ಲ.

ಬಸ್ಸು ಬಂತು. ಹಿಂದೆ ಬೆಳ್ಳಗೆ ಹೊಸ ವ್ಯಾನು, ಮದುವಣಗಿತ್ತಿಯ ಹಾಗೆ ಮೆಲ್ಲಗೆ ಬಂತು. ಅಗಲವಾದ ಟೋಪಿ ಹಾಕಿಕೊಂಡು ಮೊದಲು ಇಳಿದವರು ಅಪಾರ್ಟ್‌ಮೆಂಟಿನ ಅಧ್ಯಕ್ಷೆ ನಾಗಲಕ್ಷ್ಮಿ, ಬ್ಯಾಂಕಿನಿಂದ ರಿಟೈರ್ ಆದವರು. ಹಿಂದೆ ಮಂಜುಶ್ರೀ, ಅವಳ ಹಿಂದೆ ಒಂದು ಬಸ್ಸಿನಷ್ಟು ಹೆಂಗಸರು, ಅಷ್ಟೇ ಮೊಬೈಲು. ಅಷ್ಟೊಂದು ಕ್ಯಾಮೆರಾ ತನ್ನ ಕಡೆ ತಿರುಗಿದ್ದು ಕಂಡಿದ್ದೇ ತಡ, ಅಜ್ಜಿ ಚೇರನ್ನು ಕಾಲಲ್ಲಿ ಒದ್ದು, ಗೂಟ ಹಿಡಿದು, ದೊಪ್ ಅಂತ ನೆಲಕ್ಕೆ ಕೂತು ಬೀಸತೊಡಗಿದಳು.

"ವಾವ್! ಈ ವಯಸ್ಸಲ್ಲಿ!" ಅಂದರು ನಾಗಲಕ್ಷ್ಮಿ.

ನಾಗೇಶ ಬಗ್ಗಿ ಕಿವಿಯಲ್ಲಿ, "ಏಳಜ್ಜಿ!" ಅಂದ.

"ಕೂತಿದ್ದು ನಾನು. ಏಳ್ಸೋದು ನಿನ್ ಪಾಡು," ಅಂತ ಅಜ್ಜಿ ಅಷ್ಟೇ ಮೆಲ್ಲಗೆ ಅಂದಳು. ಎಬ್ಬಿಸೋಣವೆಂದರೆ ಸುತ್ತ ಜನ. ಅಜ್ಜಿಗೆ ಬೀಸದೆ ಬೇರೆ ದಾರಿಯಿರಲಿಲ್ಲ. ಕಲ್ಲಿಗೆ ಹಾಕಿದ್ದ ಒಂದು ಹಿಡಿ ರಾಗಿ ಮುಗಿದ ಮೇಲೂ ಬರೀ ಕಲ್ಲೇ ಗರಗರ ತಿರುಗಿತು.

"ಒಂದು ನಿಮಿಷ ರೆಸ್ಟ್ ತಗೊಳ್ತಿಲ್ಲ ನೋಡಿ!" ಹೆಂಗಸರು ವಿಡಿಯೋ ಮಾಡಿದರು.

ಅಷ್ಟರಲ್ಲಿ ಕೆಲವರು ಊದುಬತ್ತಿಯ ಘಮ ಹಿಡಿದು ಲಿಫ್ಟಿನ ಮುಂದೆ ಚಪ್ಪಲಿ ಬಿಟ್ಟರು. ಒಬ್ಬರು ಬಿಟ್ಟರೆ ಸಾಕಲ್ಲ, ಎಲ್ಲರೂ ಸಾಲಾಗಿ ಕೈ ಮುಗಿದು ನಿಂತರು. ನಾಗಲಕ್ಷ್ಮಿ ಕಣ್ಣು ಮುಚ್ಚಿದರು. ಬೆಳಗಿನಿಂದ ಹಸಿದಿದ್ದ ವೆಂಕಟಸ್ವಾಮಿಯ ಹಸು ಕತ್ತು ಚಾಚಿ ಚೆಂಡುಹೂವಿನ ಹಾರಕ್ಕೆ ಬಾಯಿ ಹಾಕಿ ಎಳೆಯಿತು. ಹಾರದ ಜೊತೆ ಚಾಪೆಯೂ ಕಿತ್ತು ಬಂತು. "ಟಿಂಗ್!" ಒಳಗಿನಿಂದ ಹೆಣ್ಣು ದನಿಯೊಂದು "ಗ್ರೌಂಡ್ ಫ್ಲೋರ್" ಅಂತ ಅಪ್ಪಣೆ ಕೊಟ್ಟಿತು. ಬಾಗಿಲು ತೆರೆಯಿತು. ಊದುಬತ್ತಿಯ ಹೊಗೆಯ ನಡುವೆ ಮೂರನೇ ಅಂತಸ್ತಿನ ಬಾಡಿಗೆಯವನು ಮುಜಫ್ಫರ್ ಚಡ್ಡಿ ಬನಿಯನ್ನಿನಲ್ಲಿ, ಕೈಲಿ ಕಸದ ಕವರ್ ಹಿಡಿದು ಪ್ರತ್ಯಕ್ಷನಾದ. ನೈಟ್ ಶಿಫ್ಟ್ ಮುಗಿಸಿ ಆಗಷ್ಟೇ ಎದ್ದಿದ್ದ ಕಣ್ಣು. ಚಪ್ಪರ ನೋಡಿದ, ಹೂವು ನೋಡಿದ, ಕೈ ಮುಗಿದು ನಿಂತ ಜನ ನೋಡಿದ. ಕಸದ ಕವರನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.

"ಯಾ ಅಲ್ಲಾ! ಯಾರ್ ಹೋಗ್ಬಿಟ್ರು ಗುರು? ಅಜ್ಜಿನಾ?"

"ಇಲ್ಲೇ ಇವ್ನಿ ಕಣಪ್ಪ!" ಬೀಸೋ ಕಲ್ಲಿನಿಂದ ಕೂಗು ಬಂತು.

ನಾಗಲಕ್ಷ್ಮಿ ಕಣ್ಣು ಬಿಟ್ಟರು. "ಇದು... ಲಿಫ್ಟಲ್ವಾ?"

ನಾಗೇಶನ ಎದೆ ನಿಂತೇ ಹೋಯಿತು. ದ್ರೌಪದಮ್ಮನ ನಾಲಿಗೆ ನಿಲ್ಲಲಿಲ್ಲ. "ಊ ಮೇಡಂ, ಬಾಡಿಗೆಯೋರ್ಗೆ ಅಂತ ಆಕ್ಸಿರೋದು. ಪಾಪ, ಸಿಟಿ ಉಡುಗ್ರು, ಮೆಟ್ಲು ಅತ್ತಕ್ಕಾಗಕಿಲ್ಲ. ನಮ್ಮೆಂಗಸ್ರು ಲಿಫ್ಟಿಗೆ ದೂರದಿಂದ್ಲೇ ಕೈ ಮುಗ್ದು ಮೆಟ್ಲಲ್ಲೇ ಓಗ್ತಾರೆ."

ಆ ಮಾತಿಗೆ ಸರಿಯಾಗಿ, ಲಿಫ್ಟು ದೇವರಾಗಿದ್ದರಿಂದ ಬೇರೆ ದಾರಿ ಕಾಣದ ಶಿಲ್ಪ, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು.

"ಎಷ್ಟು ತಿಂಗಳಮ್ಮ?"

"ಏಳು. ಮೇಡಂ, ನಮ್ಗೆ ವ್ಯಾನು..."

"ಏಳು ತಿಂಗಳು! ಮೆಟ್ಟಿಲು!" ನಾಗಲಕ್ಷ್ಮಿ ಎಲ್ಲರ ಕಡೆ ತಿರುಗಿದರು. "ನಮ್ಮ ಸೊಸೆಯಂದ್ರು ನೋಡ್ಬೇಕಿತ್ತು ಇದನ್ನ."

"ಇವ್ಳಿಗೇನ್ ಬುಡಿ," ಅಜ್ಜಿ ಗೂಟ ತಿರುಗಿಸುತ್ತಲೇ ಶುರು ಮಾಡಿದಳು. "ನಾನು ಬೆಳಗ್ಗೆ ಕಳೆ ಕಿತ್ತು, ಮದ್ಯಾನ ಮಗೀನ ಎತ್ತು, ಸಾಯಂಕಾಲ ಮುದ್ದೆ ತಿರುವ್ದೋಳು. ಆಸ್ಪತ್ರೆ ಬಾಗ್ಲು ಎತ್ಲಾಗೈತೆ ಅಂತ ಇವತ್ಗೂ ಗೊತ್ತಿಲ್ಲ ನಂಗೆ."

ಆಸ್ಪತ್ರೆಯ ಬಾಗಿಲೇನು, ಕ್ಯಾಂಟೀನಿನಲ್ಲಿ ಯಾವ ದಿನ ಕೇಸರಿಬಾತು ಅಂತಲೂ ಅಜ್ಜಿಗೆ ಗೊತ್ತಿತ್ತು. ನಾಗೇಶ ಕೆಮ್ಮಿದ. ಅಜ್ಜಿ ನಿಲ್ಲಲಿಲ್ಲ. ಊಟದ ಹೊತ್ತಿಗೆ ಅವಳು ಹೊಲದಲ್ಲಿ ಚಿರತೆ ಓಡಿಸಿಯಾಗಿತ್ತು.

ಹೆಂಗಸರು ಮೆಸ್ಸಿನ ಮುದ್ದೆಯನ್ನು ಮುರಿದು ಬಾಯಿಗಿಟ್ಟು, "ಕೈಯಲ್ಲಿ ಬೀಸಿದ ಹಿಟ್ಟು ಅಂದ್ರೆ ನಾಲಿಗೆಗೇ ಗೊತ್ತಾಗುತ್ತೆ," ಅಂತ ತಲೆದೂಗಿದರು. ಅಜ್ಜಿ ಕೂತಲ್ಲೇ ಉಂಡು, ಎಲೆಅಡಿಕೆ ಚೀಲ ಬಿಚ್ಚಿದಳು. ಎಲೆಯ ಜೊತೆ ಒಂದು ಮಾತ್ರೆ ಶೀಟು ಜಾರಿ ಡಾಕ್ಟ್ರಮ್ಮನ ಕಾಲ ಬಳಿಯೇ ಬಿತ್ತು.

"ಬಿಪಿ ಮಾತ್ರೆ! ಯಾರದಜ್ಜಿ ಇದು?"

ನಾಗೇಶನಿಗೆ ಖುಷಿಯಾಯಿತು. ಈಗಲಾದರೂ ಈ ಮನೇಲೂ ಕಾಯಿಲೆ ಇದೆ ಅಂತ ಗೊತ್ತಾಗಲಿ, ವ್ಯಾನಿಗೊಂದು ಕಾರಣ ಸಿಗಲಿ.

"ನನ್ ಮೊಮ್ಮಗಂದು," ಅಂದಳು ಅಜ್ಜಿ, ಸುಣ್ಣ ಹಚ್ಚುತ್ತಾ. "ಪಾಪ, ಸಿಟ್ಟು ಜಾಸ್ತಿ ಅದುಕ್ಕೆ. ಅವಾಗವಾಗ ಏನೇನೋ ಅಂತಾ ಇರ್ತೈತೆ. ನೀವ್ ತಲೆಗಾಕೋಬೇಡಿ."

"ಅಜ್ಜೀ!" ನಾಗೇಶ ಕಿರುಚಿದ. ಡಾಕ್ಟ್ರಮ್ಮ ಅವನ ಮುಖದ ಕೆಂಪು ನೋಡಿ ತೋಳು ಹಿಡಿದೇಬಿಟ್ಟರು. ಹೆಂಗಸರಿಗೆ ಅಂತಲೇ ಬಂದ ವ್ಯಾನಿನಲ್ಲಿ ಕೋಗಿಲಿನಿಂದ ಮೊದಲು ಮಲಗಿದ ಪೇಶೆಂಟು ನಾಗೇಶ. ತೋಳಿನ ಪಟ್ಟಿ ಬುಸ್ ಅಂತ ಉಬ್ಬಿತು. ಅವನೂ ಉಬ್ಬಿದ. ಮೆಷೀನು ಎರಡು ಸಲ ಕೂಗಿಕೊಂಡಿತು. "ಅಬ್ಬಾ!" ಅಂದರು ಡಾಕ್ಟ್ರಮ್ಮ. "ಅಲ್ಲಾಡ್ಬೇಡಿ. ಮಾತೂ ಬೇಡ."

ಮಲಗಿದ್ದಲ್ಲಿಂದಲೇ ಅವನಿಗೆ ನಾಗಲಕ್ಷ್ಮಿಯವರ ಭಾಷಣ ಕೇಳಿಸಿತು.

"ನಾವು ಇಲ್ಲಿಗೆ ಆರೋಗ್ಯ ಕೊಡೋಕೆ ಅಂತ ಬಂದ್ವಿ. ಆದ್ರೆ ಆರೋಗ್ಯ ಇರೋದೇ ಇಲ್ಲಿ. ಇವ್ರಿಗೆ ವ್ಯಾನ್ ಕೊಡೋದು ಅಂದ್ರೆ ಇವ್ರನ್ನ ಅವಮಾನ ಮಾಡ್ದಂಗೆ! ನಿಜ ಹೇಳಿ, ವ್ಯಾನು ಬೇಕಿರೋದು ಯಾರಿಗೆ? ನಮ್ಮ ಅಪಾರ್ಟ್‌ಮೆಂಟಲ್ಲಿ ಯಾರ ಮಂಡಿ ನೆಟ್ಟಗಿದೆ? ಈ ವ್ಯಾನಿಗೆ ದುಡ್ಡೆತ್ತೋಕೆ ಕೋಟೆ ಕೊತ್ತಲ ಹತ್ತೀನೇ ನನ್ ಸೊಂಟ ಹೋಗಿದ್ದು. ವ್ಯಾನು ನಮ್ಮಲ್ಲೇ ನಿಲ್ಲಲಿ ಅನ್ನೋರು ಕೈ ಎತ್ತಿ!"

ಭುಜದ ನೋವಿನವರೂ ಕೈ ಎತ್ತಿದರು.

ನಾಗೇಶ ತೋಳಿನ ಪಟ್ಟಿಯ ಸಮೇತ ಹೊರಗೆ ಹಾರಿದ. "ಮೇಡಂ, ಎಲ್ಲಾ ಸುಳ್ಳು ಮೇಡಂ! ಅಜ್ಜಿ ಮಂಡಿ ಸ್ಟೀಲು! ಕೂತ್ರೆ ಏಳಕ್ಕಾಗಲ್ಲ, ಅದಕ್ಕೆ ಬೀಸ್ತಾ ಐತೆ! ಮುದ್ದೆ ಮೆಸ್ಸಿಂದು! ಹಸು ಬಾಡಿಗೆದು! ಇದು ಹಳ್ಳೀನೇ ಅಲ್ಲ!"

ಎಲ್ಲರೂ ಅಯ್ಯೋ ಅನ್ನುವ ಹಾಗೆ ಅವನನ್ನು ನೋಡಿದರು. ಡಾಕ್ಟ್ರಮ್ಮ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟು, "ಇಷ್ಟು ಬಿಪಿ ಇದ್ರೆ ಹೀಗೇ ಆಗುತ್ತೆ. ಯಾರೂ ಎದುರು ಮಾತಾಡ್ಬೇಡಿ," ಅಂದರು.

"ನಾನೇಳ್ನಿಲ್ವಾ?" ಅಂದಳು ಅಜ್ಜಿ.

ಗೋಡೆಗೊರಗಿ ನಿಂತಿದ್ದ ಶಿಲ್ಪ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಿದ್ದಳು. ಮಂಜುಶ್ರೀ ಮಾತ್ರ ನಾಗೇಶನ ಮುಖ ನೋಡಿ ಕರಗಿದಳು. "ಬೇಜಾರಾಗ್ಬೇಡಿ. ಗುರುವಾರ ಶಿಲ್ಪನ್ನ ಇವ್ರ ಅಪಾರ್ಟ್‌ಮೆಂಟಿಗೇ ಕರ್ಕೊಂಡ್ ಬನ್ನಿ. ಮೊದಲ್ನೇ ಟೋಕನ್ ನಾನ್ ಕೊಡಿಸ್ತೀನಿ."

"ಅಪಾರ್ಟ್‌ಮೆಂಟಿಗಾ? ಅದು ಫ್ಲೈಓವರ್ ಆ ಕಡೆ ಅಲ್ವಾ?"

"ಹೂಂ. ದಾಟಿದ ತಕ್ಷಣ."

ಬಸ್ಸು ಹೋದ ಮೇಲೆ ಮುಜಫ್ಫರ್ ಒಂದು ಕಡೆ, ನಾಗೇಶ ಇನ್ನೊಂದು ಕಡೆ ಹಿಡಿದು ಅಜ್ಜಿಯನ್ನು ಎತ್ತಿದರು. ಲಿಫ್ಟಿನಲ್ಲಿ ಮೇಲೆ ಕರೆದುಕೊಂಡು ಹೋದರು.

ಗುರುವಾರ ಬೆಳಿಗ್ಗೆ ವ್ಯಾನು ನಾಗೇಶನ ಮನೆ ಬಾಗಿಲಿಗೇ ಬಂತು. ಅವನು ಬಯಸಿದ್ದ ಹಾಗೇ, ಮೊಮೊ ಅಂಗಡಿಯ ಮುಂದೆ, ಬೆಳ್ಳಗೆ. ನಾಗೇಶ ಖುಷಿಯಿಂದ ಓಡಿ ಹೋದರೆ ಡ್ರೈವರ್ ಇಳಿದು ಬಾಗಿಲು ತೆಗೆದ. "ಸುಬ್ಬಮ್ಮನೋರನ್ನ ಕಳ್ಸಿ ಸಾರ್. ಅಪಾರ್ಟ್‌ಮೆಂಟ್ ಮೇಡಂಗಳಿಗೆ ಮಂಡಿ ಹೆಂಗೆ ಗಟ್ಟಿ ಇಟ್ಕೋಬೇಕು ಅಂತ ಪಾಠ ಮಾಡೋಕೆ. ಇನ್ಮೇಲೆ ಪ್ರತಿ ಗುರುವಾರ."

ಅಜ್ಜಿ ಆಗಲೇ ಹೊಸ ಸೀರೆ ಉಟ್ಟು, ಹೂ ಮುಡಿದು ಲಿಫ್ಟಿನಿಂದ ಹೊರಗೆ ಬರುತ್ತಿದ್ದಳು.

"ಹಂಗಾದ್ರೆ ನನ್ ಹೆಂಡ್ತೀನೂ..."

"ಸೀಟು ಒಂದೇ ಸಾರ್. ಹಿಂದೆ ಪೂರ್ತಿ ಮೆಷೀನು."

ಹೆಬ್ಬಾಳದ ಫ್ಲೈಓವರಿನ ನೆತ್ತಿಯ ಮೇಲೆ ಎಲ್ಲ ನಿಂತಿತ್ತು. ಮುಂದೆ ವ್ಯಾನು, ಅದರ ಬೆನ್ನಿಗೆ ನಾಗೇಶನ ಏಸಿ ಕೆಟ್ಟ ಹಳೇ ಕಾರು. ಅವನು ಹಾರನ್ನಿನ ಮೇಲೆ ಕೈಯಿಟ್ಟ.

"ಬಿಪಿ," ಅಂದಳು ಶಿಲ್ಪ, ಬಾಯಿಗೊಂದು ಕಡಲೇಕಾಯಿ ಎಸೆದುಕೊಂಡು. ಇನ್ನೊಂದನ್ನು ಸುಲಿದು ಅವನ ಬಾಯಿಗಿಟ್ಟಳು. ಅವನು ಹಾರನ್ ಬಿಟ್ಟು ಕಡಲೇಕಾಯಿ ಅಗಿದ.

ಫೋನು ಹೊಡೆದುಕೊಂಡಿತು. ಮುಂದಿನ ವ್ಯಾನಿನ ಕಿಟಕಿಯಿಂದ ಬಳೆ ತೊಟ್ಟ ಕೈಯೊಂದು ಹಿಂದಕ್ಕೆ ಬೀಸುತ್ತಿತ್ತು.

"ನಾಗೇಶಾ, ಇಲ್ಲಿ ಏಸಿ ಬೋ ಜೋರು ಕಣ್ಲಾ," ಅಂದಳು ಅಜ್ಜಿ. "ಚಳಿ ಆಯ್ತೈತೆ. ಇಳ್ದು ಬಂದು ಒಂದ್ ಶಾಲು ಕೊಟ್ ಓಗು. ಅಂಗೇ ನನ್ ಬಿಪಿ ಮಾತ್ರೆನೂ ತತ್ತಾ. ಯಾರಾನಾ ನೋಡುದ್ರೆ ನಿಂದೇ ಅನ್ನು."