ಮಾಮಾ ಮಶೀನ್ ನೋಡಲು ಹೋದದ್ದು

ನಮ್ಮ ಮಾಮಾ ಆಯುಷ್ಯದಲ್ಲಿ ಎರಡು ಸಲ ಹೆಣ್ಣು ನೋಡಲು ಹೊರಟವನು. ಮೊದಲನೆಯ ಸಲ, ಮುಂದಿಟ್ಟ ಅವಲಕ್ಕಿ ತಟ್ಟೆ ಖಾಲಿಯಾಗುವುದರೊಳಗೆ ನಮ್ಮ ಅತ್ತಿಯನ್ನು ಒಪ್ಪಿಕೊಂಡು ಎದ್ದ. ಎರಡನೆಯ ಸಲ ಹೊರಟವನು ವರ್ಷಗಟ್ಟಲೆ ನೋಡಿದ, ಊರೂರು ತಿರುಗಿ ನೋಡಿದ, ಒಂದಕ್ಕೂ ಬೇಗ ಹೂಂ ಅನ್ನಲಿಲ್ಲ. ಅತ್ತಿ ತೀರಿಕೊಂಡ ಮೇಲೆ, ಅದೂ ತಲೆ ನರೆತ ಮೇಲೆ, ಇದೆಂಥ ಹುಚ್ಚು ಅಂದಿರಾ? ಗಾಬರಿಯಾಗಬೇಡಿ. ಎರಡನೆಯದು ಎರಕದ ಕಬ್ಬಿಣದ್ದು.

ಅದರ ಹೆಸರು ಮಿಲ್ಲಿಂಗ್ ಮಶೀನ್. ಮೇಲೆ ಗರಗರ ತಿರುಗುವ ಕಟ್ಟರ್, ಕೆಳಗೆ ಟೇಬಲ್ಲು. ಟೇಬಲ್ಲಿನ ಮೇಲೆ ಲೋಹದ ತುಂಡು ಬಿಗಿದು, ಹಿಡಿಕೆ ತಿರುಗಿಸಿ ಅತ್ತಿತ್ತ ಸರಿಸಿದರೆ ಬೇಕಾದ ಆಕಾರಕ್ಕೆ ಕೆತ್ತಿ ಕೊಡುತ್ತದೆ. ಮಾಮಾ ಸಾಂಗಲಿ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಅರ್ಧ ಆಯುಷ್ಯ ಆ ಹಿಡಿಕೆಗಳನ್ನೇ ತಿರುಗಿಸಿದ. ತೊಂಬತ್ತರ ದಶಕದ ಕೊನೆಗೆ ಅಲ್ಲಿಗೆ ಸಿಎನ್‌ಸಿ ಬಂತು. ಅಂದರೆ ಹಿಡಿಕೆಗಳೇ ಇಲ್ಲ, ಕಂಪ್ಯೂಟರ್ ಹೇಳಿದಂತೆ ಮೋಟಾರುಗಳೇ ಎಲ್ಲವನ್ನೂ ಸರಿಸುತ್ತವೆ. ಮಾಲಕ ಪಾಪ, ಪ್ರೀತಿಯಿಂದಲೇ ಒಂದು ಕುರ್ಚಿ ಹಾಕಿಸಿ, "ಕುಂದ್ರಿ, ಇನ್ನ ಬಟನ್ ಒತ್ತಿದ್ರ ಸಾಕು" ಅಂದನಂತೆ. ಮಾಮಾ ಕೂತ. ಬೆನ್ನು ನೋಯುವ ತನಕ ಕೂತ. ಆಮೇಲೆ ನೌಕರಿ ಬಿಟ್ಟು ತನ್ನೂರು ಸೋನ್ಯಾಳಕ್ಕೆ ಬಂದುಬಿಟ್ಟ. ಬಂದ ವರ್ಷವೇ ಅತ್ತಿ ಹೋದಳು. ಮಕ್ಕಳಿರಲಿಲ್ಲ.

ನಾನು ಆಗ ಜತ್ತದ ಕನ್ನಡ ಸಾಲಿಯಲ್ಲಿ ಮಾಸ್ತರಣಿ. ರವಿವಾರ ಅವನಿಗೆ ರೊಟ್ಟಿ ಪಲ್ಯ ಕಟ್ಟಿಕೊಂಡು ಹೋಗುತ್ತಿದ್ದೆ. ಒಂದು ದಿನ ಊಟ ಮಾಡುತ್ತ ಅವನು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಅವ್ವಿ, ಇಡೀ ದಿನ ಬಾಯಿ ಬಿಚ್ಚೂ ಪ್ರಸಂಗನ ಬರಂಗಿಲ್ಲ ನೋಡು. ಸಂಜೀಕ ಅಂಗಡಿಗಿ ಹೋಗಿ ಚಾಪುಡಿ ಕೊಡ್ರಿ ಅಂದ್ರ, ನನ್ನ ದನಿ ನನಗs ಯಾರದೋ ಅನಸ್ತೈತಿ." ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಕೈ ತೊಳೆದು ಬಂದವನೇ ತನ್ನ ಹಂಚಿಕೆ ಹೇಳಿದ. ಮೇಜಿನ ಮೇಲೆ ಕೂರುವಷ್ಟು ಸಣ್ಣ ಮಿಲ್ಲಿಂಗ್ ಮಶೀನ್ ತರುವುದು. ಅದರ ಮೂರು ಹಿಡಿಕೆಗಳಿಗೆ ಮೂರು ಮೋಟಾರು ಹಚ್ಚುವುದು. ಹಳೆಯ ಕಂಪ್ಯೂಟರ್ ಜೋಡಿಸುವುದು. ಪಡಸಾಲೆಯಲ್ಲೇ ಸಿಎನ್‌ಸಿ!

"ಅದು ನನ್ನ ಹೊರಗ ಹಾಕ್ತಲ್ಲ, ನಾ ಅದನ್ನ ಮನಿ ಒಳಗ ತರ್ತೀನಿ" ಅಂದ. ಇದು ಸೇಡೋ ಪ್ರೀತಿಯೋ, ನನಗಂತೂ ಬಗೆಹರಿಯಲಿಲ್ಲ. ಆದರೆ ಆ ಮನೆಗೆ ಏನಾದರೂ ಒಂದು ಬರಬೇಕಾಗಿತ್ತು, ಅಷ್ಟು ಖರೆ.

ಮಶೀನ್ ನೋಡಲು ಒಬ್ಬನೇ ಹೋಗುವುದು ಅವನ ಶಾಸ್ತ್ರದಲ್ಲಿಲ್ಲ. ಮನೆಗೆ ಬರುವ ವಸ್ತು, ನಾಲ್ಕು ಮಂದಿ ನೋಡಬೇಕು! ಹಿರಿಯರ ಪರವಾಗಿ ಅವನ ಗೆಳೆಯ, ವೆಲ್ಡಿಂಗ್ ಅಂಗಡಿಯ ದಸ್ತಗೀರ ಚಾಚಾ. ಹೆಣ್ಣುಮಕ್ಕಳ ಪರವಾಗಿ ನಾನು. ಎಣಿಸಿದರೆ ಮೂವರಾದೆವು. ನಮ್ಮ ಕಡೆ ಇಂಥ ಕೆಲಸಕ್ಕೆ ಮೂವರು ಹೊರಡುವುದುಂಟೇ? 'ತೀನ್ ತಿಗಾಡಾ, ಕಾಮ್ ಬಿಗಾಡಾ', ಮೂವರಾದರೆ ಕೆಲಸ ಕೆಟ್ಟಿತು ಅಂತ ಮರಾಠಿಯಲ್ಲಿ ಗಾದೆಯೇ ಇದೆ. ಮಾಮಾ ಬಸ್ ಸ್ಟ್ಯಾಂಡಿನಲ್ಲಿ ಬಗ್ಗಿ ಒಂದು ಹರಳುಕಲ್ಲು ಎತ್ತಿ ಕಿಸೆಗೆ ಹಾಕಿಕೊಂಡ. ಅದೇ ನಾಲ್ಕನೆಯವರು. ಚಾಚಾ ಗಂಭೀರವಾಗಿ, "ಇವ್ರಿಗೂ ಟಿಕೀಟ ತಗಸ್ತೀರೇನ್ರಿ ಅಣ್ಣಾರ?" ಅಂದರು.

ಮಿರಜದಲ್ಲಿ ನೋಡಿದ ಮೊದಲ ಮಶೀನಿನಲ್ಲಿ ಕಟ್ಟರಿನ ತಲೆ ಕೂರುವ ಕಂಬ ದುಂಡಗಿತ್ತು. ಮಾಮಾ ಅದರ ತಲೆ ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಮುಖ ಹುಳ್ಳಗಾಯಿತು. ದುಂಡು ಕಂಬದ ಮೇಲೆ ತಲೆ ಏರಿಸಿದರೆ ಅದು ಕೂದಲೆಳೆಯಷ್ಟು ಪಕ್ಕಕ್ಕೆ ತಿರುಗಿಬಿಡುತ್ತದಂತೆ.

"ಕಂಪ್ಯೂಟರಿಗಿ ಕಣ್ಣಿಲ್ಲ ಅವ್ವಿ. ತೂತು ಎಲ್ಲಿತ್ತೋ ಅಲ್ಲೇ ಐತಿ ಅಂತ ನಂಬಿರತೈತಿ. ತಲಿ ಎತ್ತಿದಾಗೊಮ್ಮಿ ಮಾರಿ ತಿರಿವಿದ್ರ ಸಂಸಾರ ಹೆಂಗ ನಡೀಬೇಕು?"

ಕೊಲ್ಲಾಪುರದ ಎರಡನೆಯದಕ್ಕೆ ಕಂಬ ಚಲೋ ಇತ್ತು. ಮಾಮಾ ಅದನ್ನು ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಸದ್ದು ಕೇಳುತ್ತ ನಿಂತ. ಎಷ್ಟು ಹೊತ್ತು ನಿಂತನೆಂದರೆ ಮಾಲಕ ನನ್ನ ಕಡೆ ನೋಡಿ, ಇವರ ಆರೋಗ್ಯ ಹೇಗೆ ಅಂತ ಸನ್ನೆಯಲ್ಲೇ ಕೇಳಿದ. ಕಣ್ಣು ತೆರೆದವನೇ ಮಾಮಾ, "ಒಳಗಿನ ಚಕ್ರದ ಹಲ್ಲು ಪ್ಲಾಸ್ಟಿಕ್ಕಿನವು" ಅಂದ. ಮಾಲಕ ಅಲ್ಲಗಳೆಯಲಿಲ್ಲ. ಹೊರಗೆ ಬಂದ ಮೇಲೆ ಚಾಚಾ, "ಹಲ್ಲು ಕಟ್ಟಿಸಿದ ಹೆಣ್ಣು ಬ್ಯಾಡ ಬಿಡ್ರಿ" ಅಂತ ತೀರ್ಪು ಕೊಟ್ಟರು.

ಮೂರನೆಯದಕ್ಕೆ 'ಆಟ' ಜಾಸ್ತಿ. ಹಿಡಿಕೆ ತಿರುಗಿಸಿದರೂ ಟೇಬಲ್ಲು ಅಲುಗದೆ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಅದಕ್ಕೆ ಆಟ ಅನ್ನುತ್ತಾರೆ. "ಕರದ್ರ ಲಗೂನ ಏಳಂಗಿಲ್ಲ ಇದು" ಅಂತ ಅದನ್ನೂ ಬಿಟ್ಟ. ನನ್ನನ್ನು ನೋಡಲು ಬಂದವರು ನನ್ನ ಸೋಂಬೇರಿತನವನ್ನು ಇಷ್ಟು ಕೂಲಂಕಷವಾಗಿ ಪರೀಕ್ಷಿಸಿರಲಿಲ್ಲ. ನನ್ನ ಯಜಮಾನರು ಅದಕ್ಕಾಗಿ ಈಗಲೂ ಮರುಗುತ್ತಾರೆ.

ಹೀಗೆ ರವಿವಾರ ಬಂದರೆ ನಾವು ಬಸ್ಸಿನಲ್ಲಿ. ಹೋಗುವಾಗ ಮಾಮಾನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಕಂಬ, ಬೆಲ್ಟು, ಟೇಬಲ್ಲಿನ ಉದ್ದ, ಮಶೀನಿನ ತೂಕ, ವಾರವೆಲ್ಲ ಕೂಡಿಟ್ಟ ಮಾತು ಪೂರ್ತಿ ಹೊರಗೆ. ಬರುವಾಗ ಜತ್ತ ಸಮೀಪಿಸಿದಂತೆ ಮಾತು ಕಡಿಮೆಯಾಗುತ್ತಿತ್ತು. ನಾನು ಇಳಿದು ತಿರುಗಿ ನೋಡಿದರೆ ಕಿಟಕಿಯಲ್ಲಿ ಅವನು ತುಟಿ ಮುಚ್ಚಿಕೊಂಡು ಕೂತಿರುತ್ತಿದ್ದ.

ಕೊನೆಗೆ ಇಚಲಕರಂಜಿಯ ಒಂದು ಮನೆಯಲ್ಲಿ ಸಿಕ್ಕಿತು. ಕಂಬ ಚೌಕ, ತಲೆ ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತದೆ. ಹಲ್ಲಿನ ಚಕ್ರಗಳಿಲ್ಲ, ಬೆಲ್ಟು. ಆಟವೂ ಕಡಿಮೆ. ಪಕ್ಕದಲ್ಲೇ ಮೊಮ್ಮಕ್ಕಳು ಕೂಗಾಡುತ್ತಿದ್ದವು, ಸೊಸೆಯಂದಿರು ಕಾಳು ಹಸನು ಮಾಡುತ್ತಿದ್ದರು. ಮಾಮಾ ಮಶೀನಿನ ಮೈ ಸವರಿದ. ಇನ್ನೇನು ಹೂಂ ಅಂದ ಅಂತ ನಾವು ಮುಂದೆ ಬಾಗಿದೆವು.

"ಬ್ಯಾಡ" ಅಂದ.

"ಯಾಕ ಮಾಮಾ? ಏನ ಕೊರತಿ ಐತಿ ಇದಕ್ಕ?"

"ಗದ್ದಲದಾಗ ಬೆಳದೈತಿ ಅವ್ವಿ. ನಮ್ಮ ಮನ್ಯಾಗ ಅದಕ್ಕ ಬ್ಯಾಸರ ಆಗತೈತಿ."

ನನ್ನ ಪಿತ್ತ ನೆತ್ತಿಗೇರಿತು. ಕಬ್ಬಿಣಕ್ಕೆ ಬೇಸರವೇ? ಸಾಲಿಯಲ್ಲಿ ಇಂಥ ನೆವ ಹೇಳುವವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ! ಬಸ್ಸಿನಲ್ಲಿ ಚಾಚಾ ಮೆಲ್ಲಗೆ ಹೇಳಿದರು: "ಸಿಟ್ಟ ಮಾಡಬ್ಯಾಡವಾ ತಂಗಿ. ಮಶೀನ ಸಿಕ್ಕರ ಈ ರವಿವಾರ ಎಲ್ಲಿಂದ ತರೂದು?" ನಾನು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮಾಮಾನನ್ನು ನೋಡಿದೆ. ಸಿಟ್ಟು ಇಳಿದುಹೋಯಿತು.

ಆದರೆ ರವಿವಾರಗಳು ಮಶೀನ್ ಸಿಗದೆಯೂ ಮುಗಿದವು. ಚಾಚಾರ ಮೊಣಕಾಲು ಕೈಕೊಟ್ಟವು, ಅವರಿಗೆ ಬಸ್ಸು ಹತ್ತುವುದು ಆಗದಾಯಿತು. ನನಗೆ ಉಮದಿಯ ಸಾಲಿಗೆ ಬದಲಿಯಾಯಿತು, ಜೊತೆಗೆ ಎರಡು ಕೂಸುಗಳು. ಮಾಮಾ ಒಬ್ಬನೇ ಇಚಲಕರಂಜಿಗೆ ಹೋಗಿ ಅದೇ ಮಶೀನನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದನಂತೆ. ಒಬ್ಬನೇ ಹೋದ ಅನ್ನುವ ಸುದ್ದಿ ಕೇಳಿ ನನಗೆ ಸಂತೋಷವಾಗಲಿಲ್ಲ.

ದೀಪಾವಳಿ ಸೂಟಿಯಲ್ಲಿ ಸೋನ್ಯಾಳಕ್ಕೆ ಹೋದೆ. ಪಡಸಾಲೆಯಲ್ಲಿ ಮಶೀನ್ ಕೂತಿತ್ತು. ಪಕ್ಕದಲ್ಲಿ, ಜತ್ತದಲ್ಲಿ ಮುಚ್ಚಿಹೋದ ಕಂಪ್ಯೂಟರ್ ಕ್ಲಾಸಿನಿಂದ ತಂದ ಹಳೆಯ ಕಂಪ್ಯೂಟರ್. ಕರೆಂಟು ಇತ್ತು, ನಮ್ಮ ಪುಣ್ಯ. ಮಾಮಾ ಒಂದು ಗುಂಡಿ ಒತ್ತಿದ. ಯಾರೂ ಮುಟ್ಟದೆ ಟೇಬಲ್ಲು ತಾನೇ ಅತ್ತ ಸರಿಯಿತು, ಇತ್ತ ಸರಿಯಿತು. ಅದರ ಮೇಲೆ ಬಿಗಿದಿದ್ದ, ದಾಳಿಂಬೆ ತೋಟದವರೊಬ್ಬರ ಔಷಧ ಹೊಡೆಯುವ ಪಂಪಿನ ತುಂಡು ಅಲ್ಯುಮಿನಿಯಮ್ಮಿನ ಚೂರು ಹಾರಿಸುತ್ತ ಆಕಾರಕ್ಕೆ ಬರತೊಡಗಿತು. ನಾನು ಚಪ್ಪಾಳೆ ತಟ್ಟಿದೆ.

ನಾನು ಮಾಸ್ತರಣಿಯಲ್ಲವೇ, ತಪ್ಪು ಕಣ್ಣಿಗೆ ಬೀಳಲೇಬೇಕು. ಎಡಬಲ ಸರಿಸುವುದಕ್ಕೆ ಮೋಟಾರು ಇತ್ತು, ಹಿಂದೆಮುಂದೆ ಸರಿಸುವುದಕ್ಕೂ ಇತ್ತು. ತಲೆ ಏರಿಸಿ ಇಳಿಸುವ ಹಿಡಿಕೆ ಮಾತ್ರ ಬರಿದಾಗಿತ್ತು. ಮೂರನೆಯ ಮೋಟಾರು ಗೋಡೆಯ ಮಾಡದಲ್ಲಿ, ಹೊಸ ಡಬ್ಬಿಯಲ್ಲಿ ಹಾಗೆಯೇ ಇತ್ತು.

"ಮಾಮಾ, ಇದನ್ಯಾಕ ಹಚ್ಚಿಲ್ಲ? ಹಚ್ಚಿದ್ರ ಪೂರಾ ತಾನs ಮಾಡತೈತಲ್ಲ?"

"ಪೂರಾ ತಾನs ಮಾಡಿದ್ರ ಮುಗೀತಲ್ಲ" ಅಂದು ಚಹಾ ಮಾಡಲು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಟೇಬಲ್ಲು ನಡುವೆಯೇ ನಿಂತುಬಿಟ್ಟಿತು. ಕೆಟ್ಟಿತೇನೋ ಅಂತ ಹೆದರಿ ಕಂಪ್ಯೂಟರ್ ನೋಡಿದೆ. ಇಷ್ಟು ಆಳ ಕೆತ್ತಿಯಾಯಿತು, ತಲೆಯನ್ನು ಕೈಯಿಂದ ಇನ್ನಷ್ಟು ಕೆಳಗಿಳಿಸಬೇಕು ಅನ್ನುವಾಗ ಅದು ನಿಂತು ಸೂಚನೆ ತೋರಿಸುವಂತೆ ಮಾಮಾ ಬರೆದಿಟ್ಟಿದ್ದ. ಆ ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದಿದೆ.

'ಏನ್ರೀ, ಎಲ್ಲಿದ್ದೀರಿ? ಈ ಕಡೆ ಬರ್ರಿ.'

ನಾನು ಏನನ್ನೂ ಮುಟ್ಟದೆ ಒಂದು ಹೆಜ್ಜೆ ಹಿಂದೆ ಸರಿದೆ. ಒಳಗೆ ಸ್ಟೋವಿನ ಸದ್ದು ಸಣ್ಣದಾಯಿತು. ಮಶೀನ್ ನಿಂತದ್ದು ಅವನಿಗೆ ಅಲ್ಲಿಂದಲೇ ಕೇಳಿಸಿತ್ತು.

"ಬಂದ್ನಿ, ಬಂದ್ನಿ" ಅನ್ನುತ್ತ ಮಾಮಾ ಕೈ ಒರೆಸಿಕೊಂಡು ಹೊರಗೆ ಬಂದ.